ಬೋರ್ಡಿಗೆ ಕೇಸು, ರುಚಿಗೆ ಕೇಸಿಲ್ಲ

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಒಂದು ಹೋಟೆಲಿದೆ. ಅದರ ಬೋರ್ಡಿನಲ್ಲಿ ‘ಶ್ರೀ’ ಎಂದಿದೆ, ‘ವಿಲಾಸ್’ ಎಂದಿದೆ. ನಡುವೆ ಒಂದು ಬಿಳಿ ಪಟ್ಟಿ ಇದೆ. ಹೊಸಬರು ಅದನ್ನು ವಿನ್ಯಾಸ ಎಂದುಕೊಳ್ಳುತ್ತಾರೆ. ಅದು ವಿನ್ಯಾಸವಲ್ಲ, ವಕೀಲರ ನೋಟೀಸು.

ಹೋಟೆಲು ಶುರುವಾದಾಗ ಆ ಜಾಗದಲ್ಲಿ ‘ರತ್ನ’ ಎಂದಿತ್ತು. ಠಾಣೆಯಲ್ಲಿ ಅದೇ ಹೆಸರಿನ ಹಳೆಯ ಹೋಟೆಲೊಂದಿತ್ತು. ಅವರ ವಕೀಲರ ಕಾಗದ ಬಂದ ದಿನವೇ ಮಾಲೀಕ ಕಮಲಾಕ್ಷಣ್ಣ ಏಣಿ ಹತ್ತಿ, ಸ್ವತಃ ಬಿಳಿ ಬಣ್ಣ ಬಳಿದರು. ಹೊಸ ಹೆಸರನ್ನು ಯೋಚಿಸಿ ಬರೆಸುವುದೆಂದು ನಿಶ್ಚಯವಾಯಿತು. ಯೋಚನೆ ಇನ್ನೂ ಮುಗಿದಿಲ್ಲ.

ಆದರೆ ಆ ಪ್ರಕರಣದಿಂದ ಅವರಿಗೊಂದು ಸಿದ್ಧಾಂತ ಸಿಕ್ಕಿತು. ಠಾಣೆಯವರು ಹೆಸರು ಬಿಡಿ ಎಂದರೇ ಹೊರತು, ನಮ್ಮ ಹಾಗೆ ಸಾಂಬಾರು ಮಾಡಬೇಡಿ ಎನ್ನಲಿಲ್ಲ. ಉಡುಪಿ ಕಡೆಯವರ ಹೋಟೆಲುಗಳಲ್ಲಿ ಅಡುಗೆಯ ಭಟ್ಟರು ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಸೇರಿದಾಗ ಮಸಾಲೆಯ ಗುಟ್ಟೂ ಅವರ ಜೊತೆಗೇ ಹೋಗುತ್ತದೆ. ಅದಕ್ಕಾಗಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದ್ದಿಲ್ಲ.

“ಬೋರ್ಡಿಗೆ ಕೇಸು, ರುಚಿಗೆ ಕೇಸಿಲ್ಲ,” ಎಂದು ಕಮಲಾಕ್ಷಣ್ಣ ಗಲ್ಲಾದಲ್ಲಿ ಚಿಲ್ಲರೆ ಕೊಡುತ್ತ ಎಲ್ಲರಿಗೂ ಹೇಳುತ್ತಿದ್ದರು. ಅವರು ಹಾಗೆ ಹೇಳಿದಾಗಲೆಲ್ಲ ಅಡುಗೆಮನೆಯಲ್ಲಿ ಅವರ ಹೆಂಡತಿ ಜಯಲತಕ್ಕ ಸೌಟನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದರು. ಹೋಟೆಲಿಗೆ ಗಿರಾಕಿ ತಂದದ್ದು ಬಾಳೆಹಣ್ಣು ಹಾಕಿ ಕಲಸಿ ಕರಿದ ಬನ್ಸ್. ಬನ್ಸ್ ಮಾಡುವ ಕ್ರಮ ಜಯಲತಕ್ಕನ ತಾಯಿ, ಉದ್ಯಾವರದ ಪದ್ದಕ್ಕನದು. ಆ ಸೌಟಿನ ಸದ್ದಿಗೂ ಪದ್ದಕ್ಕನಿಗೂ ಸಂಬಂಧವಿದೆಯೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಹೋಟೆಲಿನ ಮೇಲೆ ಎರಡನೇ ಮಹಡಿಯಲ್ಲಿ ಅವರ ಮನೆ, ಪಕ್ಕದ್ದು ನನ್ನದು. ನನ್ನ ಗಂಡ ತೀರಿಕೊಂಡ ಮೇಲೆ ಕಟ್ಟಡದ ಜನ ನನ್ನೆದುರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಕಮಲಾಕ್ಷಣ್ಣ ತಗ್ಗಿಸಲಿಲ್ಲ. ಅವರಿಗೆ ತಗ್ಗಿಸಲು ಬರುತ್ತಿರಲಿಲ್ಲ. ದಿನವೂ ಹೋಟೆಲಿನಿಂದ ತಿಂಡಿ ಕಳಿಸುತ್ತಿದ್ದರು. ಅರ್ಧ ಹಾಗೆಯೇ ವಾಪಸು ಹೋಗುತ್ತಿತ್ತು. ಅದರ ಬಗ್ಗೆಯೂ ಅವರು ಮಹಡಿಯಿಂದ ಕೆಳಕ್ಕೆ ಕೇಳುವಂತೆ ಮಾತಾಡುತ್ತಿದ್ದರು.

ಸ್ಮಾರ್ಟ್‌ಫೋನು ಕಾಲೇಜು ಮಕ್ಕಳ ಕೈಗೆಲ್ಲ ಬರುತ್ತಿದ್ದ ವರ್ಷ ಅದು. ನಮ್ಮ ಭಾಗದ ಕನ್ನಡ ಸಂಘದಲ್ಲಿ ಕಮಲಾಕ್ಷಣ್ಣ ಶಿಕ್ಷಣ ಸಮಿತಿಯ ಅಧ್ಯಕ್ಷರಾದರು. ಆಯ್ಕೆಗೆ ಕಾರಣ, ಸಭೆಯ ದಿನ ಉಪ್ಪಿಟ್ಟು ಅವರದಾಗಿತ್ತು. ಅವರ ಮಗಳು ಶ್ರೀಪ್ರಿಯಾ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಭಾನುವಾರಗಳಂದು ಸಂಘದ ಕೋಣೆಯಲ್ಲಿ ಕಿರಿಯ ವಿದ್ಯಾರ್ಥಿಗಳಿಗೆ ಕಾಸ್ಟ್ ಅಕೌಂಟಿಂಗ್, ಅಂದರೆ ಒಂದು ವಸ್ತು ತಯಾರಾಗಲು ಎಷ್ಟು ತಗಲುತ್ತದೆ ಎಂಬ ಲೆಕ್ಕ, ಹೇಳಿಕೊಡುತ್ತಿದ್ದಳು. ಬರುವವರಲ್ಲಿ ಹೆಚ್ಚಿನವರು ಹೋಟೆಲು, ಅಂಗಡಿಗಳಲ್ಲಿ ದುಡಿದು ಸಂಜೆ ಕಾಲೇಜಿಗೆ ಹೋಗುವವರು. ಒಂದು ಮೇಜು, ಒಂದು ಫ್ಯಾನು, ಯಾರೂ ಏಳಿ ಎನ್ನದ ಒಂದು ಮಧ್ಯಾಹ್ನ ಅವರಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಆ ಕೋಣೆಯ ಮೇಲೆ ಸಂಘದ ಕಾರ್ಯದರ್ಶಿ ಮಾಪಣ್ಣನವರಿಗೂ ಕಣ್ಣಿತ್ತು. ಅವರು ಕಲಬುರಗಿ ಕಡೆಯವರು, ನಾಟಕದ ಹುಚ್ಚಿನವರು. ತಾಲೀಮಿಗೆ ಜಾಗ ಬೇಕಾಗಿತ್ತು.

“ಕ್ಲಾಸ್ ನಡಸ್ರಿ ಕಮಲಾಕ್ಷಣ್ಣಾರ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಹೊರಗಿನವ್ರಿಂದ ಒಂದ ತಕರಾರು ಬಂತಂದ್ರ, ಅವತ್ತಿನಿಂದ ರೂಮು ನಾಟಕಕ್ಕ.”

“ತಕರಾರಾ? ನಮ್ಮ ಹೋಟೆಲಲ್ಲಿ ಸಾಂಬಾರಿಗೆ ಸಹ ತಕರಾರಿಲ್ಲ ಮಾರಾಯ್ರೇ,” ಎಂದರು ಕಮಲಾಕ್ಷಣ್ಣ.

ಮರುವಾರವೇ ಶ್ರೀಪ್ರಿಯಾಳ ಕಾಲೇಜಿನಲ್ಲಿ ಒಂದು ಸೂಚನೆ ಹಚ್ಚಿದರು. ಅಂತರ್ಜಾಲದಿಂದ ಇಳಿಸಿದ ಸಾಮಗ್ರಿಯನ್ನು ಅನುಮತಿಯಿಲ್ಲದೆ ಪ್ರತಿ ಮಾಡಿ ಹಂಚುವವರ ಮೇಲೆ ಕ್ರಮ ಜರುಗಿಸಲಾಗುವುದು ಎಂದು. ಅವಳು ಅದರ ಫೋಟೊ ತೆಗೆದು, ಫೋನನ್ನು ತಂದು ಗಲ್ಲಾದ ಮೇಲೆ ಇಟ್ಟಳು.

“ಅಪ್ಪಾ, ಸಂಡೇ ಕ್ಲಾಸಿಗೆ ನಾನು ಕೊಡುವ ನೋಟ್ಸ್ ನೆಟ್ಟಿಂದ ತೆಗೆದದ್ದು. ಮೊನ್ನೆ ಎಲ್ಲರಿಗೂ ಕಾಪಿ ಮಾಡಿಸುವ ಅಂತ ಹೇಳಿದ್ದೇನೆ. ಈಗ ಎಂತ ಮಾಡುದು?”

“ಯಾರದ್ದು ನೋಟ್ಸು?”

“ಯಾರೋ ಪ್ರೊಫೆಸರ್ ಮಧ್ವರಾಜ ಅಂತ, ವಾಶಿಯವರು. ಪ್ರತಿ ಪೇಜಿನ ಮೇಲೂ ಹೆಸರುಂಟು.”

“ಮೇಲೆ ಹೆಸರುಂಟಾ!” ಕಮಲಾಕ್ಷಣ್ಣ ಎದ್ದೇ ನಿಂತರು. ಚಿಲ್ಲರೆಗೆ ಕಾದಿದ್ದ ಗಿರಾಕಿಯೂ ಗಾಬರಿಯಾದ.

ಕ್ಲಾಸಿನ ಹುಡುಗ ಕೌಶಲ್ ಅಲ್ಲೇ ಚಹಾ ಕುಡಿಯುತ್ತಿದ್ದ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. “ಅರೇ ಅಂಕಲ್, ನೆಟ್ ಪೇ ಹೈ ತೋ ಫ್ರೀ ಹೈ. ಸಬ್ ಕರ್‌ತೇ ಹೈಂ.”

“ಸಬ್ ಕರ್‌ತೇ ಹೈಂ, ಎಲ್ಲರೂ ಇಡ್ತಾರೆ ಅಂತಲೇ ನಾನೂ ರತ್ನ ಅಂತ ಇಟ್ಟದ್ದು. ಮೇಲೆ ನೋಡು,” ಎಂದು ಕಮಲಾಕ್ಷಣ್ಣ ಬೋರ್ಡಿನ ಕಡೆ ಕೈ ತೋರಿಸಿದರು. “ಶ್ರೀಪ್ರಿಯಾ, ಆ ನೋಟ್ಸು ಇಲ್ಲಿ ಕೊಡು. ಇದಕ್ಕೆ ಮದ್ದು ನನ್ನ ಹತ್ತಿರ ಉಂಟು.”

ಒಬ್ಬನ ಪ್ರಕಾರ ನೆಟ್ಟಿನಲ್ಲಿರುವುದೆಲ್ಲ ಬಿಟ್ಟಿ, ಇನ್ನೊಬ್ಬರ ಪ್ರಕಾರ ಎಲ್ಲವೂ ಕೇಸು. ನಡುವೆ ಏನಾದರೂ ಇದ್ದೀತೇ ಎಂಬ ಕುತೂಹಲ ಆ ದಿನ ಆ ಹೋಟೆಲಿನಲ್ಲಿ ಯಾರಿಗೂ ಹುಟ್ಟಲಿಲ್ಲ.

ಮದ್ದು ಸರಳವಾಗಿತ್ತು. ಝೆರಾಕ್ಸ್ ಅಂಗಡಿಯಲ್ಲಿ ಪ್ರತಿ ಪುಟದ ತಲೆಯ ಮೇಲಿನ ಹೆಸರಿಗೆ ಬಿಳಿ ಕಾಗದದ ಪಟ್ಟಿ ಅಂಟಿಸಿ ಪ್ರತಿ ತೆಗೆಯುವುದು. ಪುಟದ ಕೆಳಗೂ ಎರಡು ಸಾಲು ಸಣ್ಣ ಅಕ್ಷರ ಇತ್ತು. ಸಣ್ಣ ಅಕ್ಷರವೆಂದರೆ ವಕೀಲರದು ಎಂಬುದು ಕಮಲಾಕ್ಷಣ್ಣನ ಅನುಭವ. ಅದರ ಮೇಲೂ ಪಟ್ಟಿ ಬಿತ್ತು. ಉಳಿದದ್ದು ಶುದ್ಧ ರುಚಿ.

ಅಂಗಡಿಯವನು ಮೊದಲ ಪ್ರತಿಯನ್ನು ಎತ್ತಿ ಹಿಡಿದು, “ಶೇಟ್, ವರ್ ರಿಕಾಮಂ ದಿಸ್ತಂಯ್. ಕಾಯ್ ಟಾಕೂ?” ಎಂದ. ಮೇಲೆ ಖಾಲಿ ಕಾಣುತ್ತದೆ, ಏನಾದರೂ ಹಾಕಲೇ ಎಂದು.

ಖಾಲಿ ಜಾಗದ ಅವಮಾನ ಕಮಲಾಕ್ಷಣ್ಣನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಕಮಲಾಕ್ಷ, ಅಧ್ಯಕ್ಷರು, ಶಿಕ್ಷಣ ಸಮಿತಿ’ ಎಂದು ಬರೆಸಿದರು. ದುರುದ್ದೇಶವಿರಲಿಲ್ಲ. ಉಪ್ಪಿಟ್ಟಿನ ಕೃತಜ್ಞತೆಯನ್ನು ಸಂಘ ಬೋರ್ಡಿನಲ್ಲಿ ಹಾಕಿರಲಿಲ್ಲ, ಇದರಲ್ಲಾದರೂ ಇರಲಿ ಎಂದಷ್ಟೇ.

ಪಟ್ಟಿ ಅಂಟಿಸುವ ಕೆಲಸ ನಿಧಾನವಾಗಿತ್ತು. ಕಾಯುತ್ತ ಕೂತ ಕಮಲಾಕ್ಷಣ್ಣ ಓದತೊಡಗಿದರು. ನಡುವಿನ ಒಂದು ಪುಟದಲ್ಲಿ ಇಡ್ಲಿಯ ಉದಾಹರಣೆ ಇತ್ತು. ಒಂದು ಹೋಟೆಲು ಒಂದು ಕಿಲೋ ಉದ್ದಿಗೆ ಒಂದು ಕಿಲೋ ಅಕ್ಕಿ ಹಾಕಿ ಇಡ್ಲಿ ಮಾಡಿದರೆ, ಒಂದು ಇಡ್ಲಿಗೆ ಎಷ್ಟು ಖರ್ಚು?

“ಇದು ಇಡ್ಲಿಯಾ, ಗೋಂದಾ?” ಎಂದು ಕಮಲಾಕ್ಷಣ್ಣ ಅಂಗಡಿಯವನನ್ನೇ ಗದರಿಸಿದರು. “ಉದ್ದು ಒಂದು, ಅಕ್ಕಿ ಮೂರು. ಯಾವ ಊರಿನ ಪ್ರೊಫೆಸರ್ ಇವನು!”

ಪೆನ್ನು ತೆಗೆದು ತಿದ್ದಿದರು. ಒಂದು ಅಂಕಿ ತಿದ್ದಿದರೆ ಕೆಳಗಿನದೆಲ್ಲ ತಪ್ಪುತ್ತದೆ ಎಂದು ಗೊತ್ತಾಗಿ ಎಲ್ಲವನ್ನೂ ತಿದ್ದಿದರು. ನಷ್ಟದ ವಿಷಯ ಬಂದಾಗ ಅವರ ಉತ್ಸಾಹ ಹೆಚ್ಚಿತು. ನೋಟ್ಸಿನಲ್ಲಿ ನಷ್ಟಕ್ಕೆ ಎರಡು ವಿಧ ಇದ್ದವು. ಯಾವಾಗಲೂ ಆಗುವ ನಾರ್ಮಲ್ ಲಾಸ್, ಅಕಸ್ಮಾತ್ತಾಗಿ ಆಗುವ ಅಬ್‌ನಾರ್ಮಲ್ ಲಾಸ್. ಪ್ರೊಫೆಸರರು ಎರಡಕ್ಕೂ ಸೊನ್ನೆ ಹಾಕಿದ್ದರು. ಸೊನ್ನೆ ನಷ್ಟದ ಹೋಟೆಲನ್ನು ಕಮಲಾಕ್ಷಣ್ಣ ಎಲ್ಲೂ ಕಂಡಿರಲಿಲ್ಲ. ಅವರು ಬರೆದರು: ‘ನಾರ್ಮಲ್ ಲಾಸ್: ಕೆಲಸದವರು ತಿಂದದ್ದು. ಅಬ್‌ನಾರ್ಮಲ್ ಲಾಸ್: ಕಲ್ಯಾಣದಿಂದ ಭಾವ ಬಂದ ದಿನ.’

ಕೊನೆಗೆ ಕೌಶಲ್ ಬಂದು ತನ್ನ ಫೋನಿನಲ್ಲಿದ್ದ ಪರೀಕ್ಷೆಯ ಗೈಡೊಂದರ ಕೆಲವು ಪುಟಗಳನ್ನೂ ಸೇರಿಸಿದ. ಅಂಗಡಿಗಳಲ್ಲಿ ಮಾರುವ ಗೈಡು ಅದು. ಯಾರೋ ಫೋಟೊ ಹೊಡೆದು ನೆಟ್ಟಿಗೆ ಹಾಕಿದ್ದರು. ಹೀಗೆ ಪುಸ್ತಿಕೆ ಸಿದ್ಧವಾಯಿತು.

ಶ್ರೀಪ್ರಿಯಾ ಅದನ್ನು ನೋಡಿದಾಗ ಹಂಚಿ ಆಗಿತ್ತು. “ಅಪ್ಪಾ, ಮಧ್ವರಾಜರ ಹೆಸರೆಲ್ಲಿ? ನಿಮ್ಮ ಹೆಸರು ಯಾಕೆ?” ಎಂದಳು.

“ಕಾಲೇಜಿನವರು ಹಿಡಿದರೆ ನಿನ್ನ ಡಿಗ್ರಿ ಹೋಗ್ತದಾ, ನಂದಾ? ನಂಗೆ ಡಿಗ್ರಿಯೇ ಇಲ್ಲ. ಸುಮ್ಮನಿರು.”

ಶ್ರೀಪ್ರಿಯಾ ಪುಸ್ತಿಕೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಆಮೇಲೆ ನಡೆದದ್ದಕ್ಕೆ ಕಮಲಾಕ್ಷಣ್ಣ ತಯಾರಿರಲಿಲ್ಲ. ಓದುವ ಮಕ್ಕಳಿಗೆ ಇಡ್ಲಿಯ ಲೆಕ್ಕ ಹಿಡಿಸಿತು. ಹೋಟೆಲಿನಲ್ಲಿ ದುಡಿಯುವವರಿಗೆ ಕೆಲಸದವರು ತಿಂದದ್ದೂ ಶಾಸ್ತ್ರದಲ್ಲಿದೆ ಎಂದು ತಿಳಿದು ಧೈರ್ಯ ಬಂತು. ಪುಟಗಳ ಫೋಟೊ ಫೋನಿನಿಂದ ಫೋನಿಗೆ ಹಾರಿ ಕಲ್ಯಾಣಕ್ಕೆ ಹೋಯಿತು, ಅಂಬರನಾಥಕ್ಕೆ ಹೋಯಿತು. ಮೇಲಿದ್ದ ಹೆಸರು ಒಂದೇ ಆದ್ದರಿಂದ ಬರೆದವರು ಯಾರೆಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ಮೊದಲು ಬಂದವಳು ಅಂಬರನಾಥದ ಸೋನಾಲಿ ಎಂಬ ವಿದ್ಯಾರ್ಥಿನಿ, ತಾಯಿಯ ಜೊತೆಗೆ. ತಾಯಿ ಗಲ್ಲಾದ ಮುಂದೆ ಚಪ್ಪಲಿ ಬಿಟ್ಟು ನಿಂತಳು. ಮಗಳು ಕೇಳಿದಳು, “ಸರ್, ಓವರ್‌ಹೆಡ್ ಅಂದ್ರೆ ಏನು?”

ಕಮಲಾಕ್ಷಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಮನುಷ್ಯರು ಮೇಲೆ ನೋಡುತ್ತಾರೆ. ಅವರೂ ನೋಡಿದರು. “ಫ್ಯಾನು,” ಎಂದರು. “ಲೈಟು. ಬಾಡಿಗೆ. ಮುನಿಸಿಪಾಲಿಟಿ. ಇಡ್ಲಿಯೊಳಗೆ ಕಾಣುದಿಲ್ಲ, ಆದರೆ ಇಡ್ಲಿಯೇ ಹೊರಬೇಕು.”

ಅದು ಸರಿಯಾದ ಉತ್ತರವೇ ಆಗಿತ್ತು. ದುರಂತ ಶುರುವಾದದ್ದು ಅಲ್ಲಿಂದ.

ಕಟ್ಟಡದ ಸೊಸೈಟಿಯವರು ಲೆಕ್ಕಪತ್ರ ನೋಡಿಕೊಡಿ ಎಂದು ಬಂದರು. ಠಾಣೆಯ ಹೋಟೆಲಿಗರ ಕೂಟವೊಂದು ಭಾಷಣಕ್ಕೆ ಕರೆಯಿತು. ಅವರು ಹೋಗಿ ಇಡ್ಲಿಯ ಬಗ್ಗೆ ಮಾತ್ರ ಮಾತಾಡಿ ಶಾಲು ಹೊದ್ದು ಬಂದರು. ನನ್ನದಲ್ಲ ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ಮತ್ತೆ ಯಾರದ್ದು ಎಂದು ಕೇಳುತ್ತಾರೆ. ಮಗಳ ಡಿಗ್ರಿ, ಸಂಘದ ಕೋಣೆ ಎರಡೂ ಆ ಒಂದು ಪ್ರಶ್ನೆಯ ಆಚೆಗೆ ನಿಂತಿದ್ದವು.

“ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಎರಡು ಸಲ ಹೋದವರು ನೀವು,” ಎಂದರು ಜಯಲತಕ್ಕ ಶಾಲು ಮಡಚುತ್ತ. “ಜಾತಕದಲ್ಲಿ ಇದು ಇರಲಿಲ್ಲ.”

“ನಾನೇನು ಬರೆದೆ ಅಂತ ಹೇಳಿದೆನಾ? ಅವರೇ ತಿಳಿದುಕೊಂಡದ್ದು.”

“ಹೌದು. ಬನ್ಸನ್ನೂ ಜನ ಹಾಗೇ ತಿಳಿದುಕೊಂಡದ್ದು.” ಸೌಟು ಸದ್ದು ಮಾಡಿತು.

ಆಮೇಲೆ ಕಲ್ಯಾಣದಿಂದ ಫೋನು ಬಂತು. ಮಾಡಿದವರು ಜಯಲತಕ್ಕನ ಅಣ್ಣ ಧರ್ಮಪಾಲ. ಕಮಲಾಕ್ಷಣ್ಣನ ಫೋನು ಸದಾ ಸ್ಪೀಕರಿನಲ್ಲಿರುತ್ತಿದ್ದುದರಿಂದ ಕಟ್ಟಡಕ್ಕೆಲ್ಲ ಕೇಳಿಸಿತು.

“ಭಾವಾ, ಅಬ್‌ನಾರ್ಮಲ್ ಲಾಸ್ ಅಂದರೆ ಎಂತ?”

“ಅದು… ಶಾಸ್ತ್ರದಲ್ಲಿ ಬರ್ತದೆ ಭಾವ.”

“ಶಾಸ್ತ್ರದಲ್ಲಿ ಕಲ್ಯಾಣದ ಭಾವ ಅಂತ ಉಂಟಾ?”

“ಒಂದು ಊರಿನ ಹೆಸರು ಬೇಕಲ್ಲ, ಉದಾಹರಣೆಗೆ—”

“ನನ್ನ ಮಗ ಕಾಲೇಜಲ್ಲಿ ಅದನ್ನು ಜೋರಾಗಿ ಓದಿದ ಮಾರಾಯ್ರೇ! ಲೆಕ್ಚರರ್ ಕನ್ನಡದವರು, ನಕ್ಕು ನಕ್ಕು ಕೂತುಬಿಟ್ಟರಂತೆ. ಅಷ್ಟಕ್ಕೂ ನಾನು ನಿಮ್ಮಲ್ಲಿ ತಿಂದದ್ದಾದರೂ ಎಷ್ಟು ಇಡ್ಲಿ?”

ಕಮಲಾಕ್ಷಣ್ಣನ ದೋಷವೆಂದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು. “ಹೋದ ಸಲ ಹನ್ನೊಂದು,” ಎಂದರು.

ಫೋನು ಕಟ್ಟಾಯಿತು. ಧರ್ಮಪಾಲರು ಇನ್ನೊಂದು ನಂಬರು ಒತ್ತಿದರು. ಅದು ಮಾಪಣ್ಣನವರದು. ನನ್ನ ಭಾವ ಒಂದು ಪುಟ ಬರೆಯುವವನಲ್ಲ, ಅದು ಎಲ್ಲಿಯದೋ ಮಾಲು, ವಿಚಾರಿಸಿ ಎಂದು ಹೇಳಿದರು. ಹೊರಗಿನವರ ತಕರಾರು ಮಾಪಣ್ಣನವರಿಗೆ ಮನೆಯೊಳಗಿಂದಲೇ ಸಿಕ್ಕಿತು. ಬರುವ ಭಾನುವಾರ ಸಮಿತಿ ಸಭೆ, ಸ್ಥಳ ಅದೇ ಕೋಣೆ ಎಂದು ಸಂದೇಶ ಬಂತು.

ಶನಿವಾರ ಮಧ್ಯಾಹ್ನ ಕಮಲಾಕ್ಷಣ್ಣ ನನ್ನನ್ನು ಹುಡುಕಿಕೊಂಡು ಸಂಘಕ್ಕೆ ಬಂದರು. ಅಲ್ಲಿನ ಪುಸ್ತಕದ ಕಪಾಟನ್ನು ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲೊಂದು ಹಳೆಯ ಕಂಪ್ಯೂಟರೂ ಇತ್ತು. ಹಿಂದೆ ಶ್ರೀಪ್ರಿಯಾ ನಿಂತಿದ್ದಳು.

“ನೋಡು ಮಾರಾಯ್ತಿ, ನೀನು ಎಂ.ಎ. ಓದಿದವಳು,” ಎಂದರು ರಸ್ತೆಗೆ ಕೇಳುವಂತೆ. “ಒಬ್ಬ ಮನುಷ್ಯ ಇದ್ದಾನೆ ಅಂತ ಇಟ್ಟುಕೋ. ಒಳ್ಳೆಯವ. ಅವ ಇನ್ನೊಬ್ಬರ ನೋಟ್ಸು—”

“ಹಂಚಿದ್ದಾನೆ. ಹೆಸರು ಮುಚ್ಚಿದ್ದಾನೆ. ತನ್ನ ಹೆಸರು ಹಾಕಿದ್ದಾನೆ,” ಎಂದೆ.

“ನಿನಗೆ ಯಾರು ಹೇಳಿದ್ದು?”

“ನಿಮ್ಮ ಸ್ವರಕ್ಕೆ ಈಗ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತುಂಟು, ಆಂಟಿಗೆ ಗೊತ್ತಿರುದಿಲ್ವಾ ಅಪ್ಪಾ?” ಎಂದಳು ಶ್ರೀಪ್ರಿಯಾ.

ಮೂವರೂ ಆ ಜಾಲತಾಣವನ್ನು ತೆರೆದೆವು. ಹೆಸರು, ಇಡ್ಲಿ, ಸೊನ್ನೆ ನಷ್ಟ ಎಲ್ಲ ಇತ್ತು. ಪುಟದ ಕೊನೆಗೆ ಹೋದೆವು. ಸಣ್ಣ ಅಕ್ಷರದ ಎರಡು ಸಾಲು. ಇಂಗ್ಲಿಷಿನಲ್ಲಿದ್ದುದನ್ನು ನಾನು ಕನ್ನಡ ಮಾಡಿ ಓದಿದೆ.

“ಈ ಟಿಪ್ಪಣಿಗಳನ್ನು ಯಾರು ಬೇಕಾದರೂ ಪ್ರತಿ ಮಾಡಬಹುದು, ಹಂಚಬಹುದು, ಬೇಕಾದಂತೆ ತಿದ್ದಬಹುದು. ನನ್ನನ್ನು ಕೇಳಬೇಕಾಗಿಲ್ಲ. ಬರೆದವನ ಹೆಸರು ಉಳಿಸಿ, ಬದಲಾಯಿಸಿದ್ದರೆ ಏನು ಬದಲಾಯಿಸಿದಿರಿ ಎಂದು ತಿಳಿಸಿ. ಅಷ್ಟು ಸಾಕು.”

ಕಮಲಾಕ್ಷಣ್ಣ ಇನ್ನೊಮ್ಮೆ ಓದಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

“ಅಂದರೆ… ರುಚಿ ಬಿಟ್ಟಿ.”

“ಹೌದು.”

“ಬೋರ್ಡು ಮಾತ್ರ ಇಡಬೇಕಿತ್ತು.”

“ಹೌದು.”

“ನಾನು ಅದೊಂದನ್ನೇ ತೆಗೆದೆ.” ಪರದೆಯ ಮೇಲಿನ ಹೆಸರನ್ನು ಬೆರಳಿನಿಂದ ಮುಚ್ಚಿ ನೋಡಿ, ಬೆರಳು ತೆಗೆದರು. “ಠಾಣೆಯವರು ಹೆಸರು ಹಾಕಬೇಡಿ ಅಂದರು, ಇವರು ಹಾಕಿ ಅಂತಾರೆ. ಒಂದೇ ದೇಶದಲ್ಲಿ ಎರಡು ಕಾನೂನಾ?”

“ಬೋರ್ಡಿನ ಕಾನೂನು ಬೇರೆ, ಬರಹದ ಕಾನೂನು ಬೇರೆ,” ಎಂದೆ. “ಬರೆದದ್ದು ಬರೆದವರದ್ದೇ. ಏನೂ ಹೇಳದಿದ್ದರೆ ಹಂಚುವ ಮೊದಲು ಕೇಳಬೇಕು. ಇವರು ಮೊದಲೇ ಹೇಳಿಟ್ಟಿದ್ದಾರೆ, ಅದಕ್ಕೆ ಕೇಳಬೇಕಾಗಿಲ್ಲ.”

“ಹಾಗಾದರೆ ಪ್ರತಿ ಸಲ ಕೆಳಗಿನ ಸಣ್ಣ ಅಕ್ಷರ ಓದಬೇಕು ಅಂತ ಆಯ್ತು.”

“ಅದಕ್ಕೇ ಬರೆದಿರುವುದು.”

“ಸಣ್ಣದಾಗಿ ಯಾಕೆ ಬರೆಯುದು ಮತ್ತೆ?” ಎಂದರು.

ಭಾನುವಾರ ಕೋಣೆ ತುಂಬಿತ್ತು. ವಿದ್ಯಾರ್ಥಿಗಳು ಬ್ಯಾಗು ತಂದಿದ್ದರು. ಕ್ಲಾಸು ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದೆ ಬ್ಯಾಗನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಮಾಪಣ್ಣನವರು ಮೇಜಿನ ಹಿಂದೆ ಕೂತಿದ್ದರು, ಪಕ್ಕದಲ್ಲಿ ಹೊಸ ನಾಟಕದ ಝೆರಾಕ್ಸ್ ಕಟ್ಟು. ಗೆದ್ದ ಕೂಡಲೇ ತಾಲೀಮು ಶುರು ಮಾಡುವ ಉದ್ದೇಶ ಕಾಣುತ್ತಿತ್ತು. ಧರ್ಮಪಾಲರು ಸಾಕ್ಷಿಯಾಗಿ ಮುಂದಿನ ಸಾಲಿನಲ್ಲಿದ್ದರು. ಹಿಂದಿನ ಬೆಂಚಿನಲ್ಲಿ ಯಾರೋ ಒಬ್ಬ ಹಿರಿಯರು, ಕನ್ನಡಕ, ತೋಳಿಗೆ ಚೀಲ. ಯಾರದೋ ಅಜ್ಜ ಇರಬೇಕೆಂದುಕೊಂಡೆವು.

“ಕಮಲಾಕ್ಷಣ್ಣಾರ,” ಎಂದು ಮಾಪಣ್ಣನವರು ನಾಟಕದ ದನಿಯಲ್ಲೇ ಶುರು ಮಾಡಿದರು, “ಈ ಪುಸ್ತಕ ನೀವ ಬರದದ್ದೋ, ಬ್ಯಾರೆಯವರದ್ದೋ? ನಿಮ್ಮದೇ ಅಂದ್ರ ಮಾತ ಮುಗೀತು. ಅಲ್ಲಂದ್ರ ರೂಮಿನ ಕೀಲಿ ಇಲ್ಲಿಡ್ರಿ.”

ನನ್ನದೇ ಎಂದರೆ ಸಾಕಿತ್ತು. ಶಾಲು ಇತ್ತು, ಭಾಷಣ ಇತ್ತು, ಅಂಬರನಾಥದ ತಾಯಿಯೂ ಮಗಳೂ ಇದ್ದರು. ಕಮಲಾಕ್ಷಣ್ಣ ಮಗಳನ್ನು ನೋಡಿದರು. ಆಮೇಲೆ ತೊಡೆಯ ಮೇಲಿನ ಬ್ಯಾಗುಗಳನ್ನು ನೋಡಿದರು.

“ನಂದಲ್ಲ,” ಎಂದರು. “ವಾಶಿಯ ಪ್ರೊಫೆಸರ್ ಮಧ್ವರಾಜ ಅಂತ, ಅವರದ್ದು. ಹಂಚಲಿಕ್ಕೆ ಅವರು ಬಿಟ್ಟಿದ್ದಾರೆ, ಹೆಸರು ಹಾಕಿ ಅಂತ ಹೇಳಿದ್ದಾರೆ. ಹೆಸರು ಮುಚ್ಚಿದ್ದು ನಾನು. ಮಕ್ಕಳದ್ದು ತಪ್ಪಿಲ್ಲ, ನನ್ನ ಮಗಳದ್ದೂ ಇಲ್ಲ. ಅಧ್ಯಕ್ಷಗಿರಿ ಬೇಕಾದರೆ ತೆಗೆದುಕೊಳ್ಳಿ, ರೂಮು ಬಿಡಿ. ಇಡ್ಲಿಯ ಲೆಕ್ಕ ಮಾತ್ರ ನಂದು. ಅದನ್ನು ನಾನು ಬಿಡುದಿಲ್ಲ.”

ಹಿಂದಿನ ಬೆಂಚಿನ ಹಿರಿಯರು ಎದ್ದರು.

“ಅದನ್ನು ಕೇಳಲಿಕ್ಕೇ ಬಂದದ್ದು,” ಎಂದರು. “ನೆಟ್ಟಿನಲ್ಲಿ ನನ್ನ ನೋಟ್ಸನ್ನೂ ಓದಿದ ಮಕ್ಕಳ ಇಮೇಲ್ ಎರಡು ವಾರದಿಂದ ಬರ್ತಾ ಇದೆ. ಸರ್, ನಿಮ್ಮ ಇಡ್ಲಿ ತಪ್ಪು, ಕಮಲಾಕ್ಷ ಸರ್ ಇಡ್ಲಿ ಸರಿ ಅಂತ. ಯಾರಪ್ಪ ಈ ಕಮಲಾಕ್ಷ ಸರ್ ಅಂತ ನೋಡಿಕೊಂಡು ಹೋಗೋಣ ಅಂತ. ಭಾನುವಾರದ ಕ್ಲಾಸು ಇಲ್ಲೇ ಅಂತ ಆ ಮಕ್ಕಳೇ ಬರೆದಿದ್ದರು. ನಾನು ಮಧ್ವರಾಜ.”

ಕಮಲಾಕ್ಷಣ್ಣ ಕೈ ಮುಗಿದರು. ಮುಗಿದ ಕೈ ಹಾಗೆಯೇ ಇತ್ತು, ಬಾಯಿ ಮಾತ್ರ ಕೇಳಿತು. “ಸರ್, ಬೇಸರ ಮಾಡಬೇಡಿ. ನಿಮ್ಮ ಮನೆಯಲ್ಲಿ ಇಡ್ಲಿ ಯಾರು ಮಾಡುದು?”

“ಪ್ಯಾಕೆಟ್,” ಎಂದರು ಮಧ್ವರಾಜರು ತಲೆ ತಗ್ಗಿಸಿ.

“ಒಂದಕ್ಕೆ ಒಂದು ಹಾಕಿದರೆ ತಟ್ಟೆಯಿಂದ ಏಳುದಿಲ್ಲ ಸರ್.”

“ಈಗ ಗೊತ್ತಾಯ್ತು. ಆ ಪುಟ ಇಷ್ಟು ವರ್ಷದಿಂದ ಇದೆ, ಒಬ್ಬರೂ ಹೇಳಲಿಲ್ಲ. ಅಕೌಂಟೆಂಟುಗಳಿಗೆ ಉತ್ತರ ಸರಿ ಬಂದರಾಯಿತು, ಇಡ್ಲಿ ಬೇಡ.”

ಮಾಪಣ್ಣನವರು ಮೇಜು ತಟ್ಟಿದರು. “ಅದಿರ್ಲಿ ಸರ್. ನಿಮ್ಮದು ತಕರಾರು ಅದನೋ ಇಲ್ಲೋ?”

“ಇದೆ,” ಎಂದರು ಮಧ್ವರಾಜರು. ಶ್ರೀಪ್ರಿಯಾ ನನ್ನ ಕೈ ಹಿಡಿದುಕೊಂಡಳು. “ಹೆಸರು ಮುಚ್ಚಿದ್ದು ನನಗೆ ಸರಿ ಕಾಣಲಿಲ್ಲ. ನಾನು ಕೇಳಿದ್ದೇ ಅದೊಂದು. ಮತ್ತೆ ಹಾಕಿ, ತಕರಾರು ಮುಗಿಯಿತು. ಇಡ್ಲಿ ತಿದ್ದಿದವರು ಕಮಲಾಕ್ಷ ಅಂತಲೂ ಹಾಕಿ. ನನ್ನ ಪುಟದಲ್ಲೂ ನಾನು ಹಾಗೇ ಹಾಕ್ತೇನೆ.” ಅವರು ಪುಸ್ತಿಕೆಯ ಕೊನೆಗೆ ಹೋದರು. “ಆದರೆ ಈ ಪುಟಗಳು ನನ್ನವಲ್ಲ. ಮಾರಾಟದ ಗೈಡು. ಇವನ್ನು ತೆಗೀಬೇಕು.”

“ಸರ್, ನೆಟ್ ಪೇ ಥಾ,” ಎಂದ ಕೌಶಲ್.

“ನಿನ್ನ ಸ್ಕೂಟರ್ ಎಲ್ಲಿ ನಿಲ್ಲಿಸಿದ್ದೀಯಪ್ಪ?”

“ಬಾಹರ್. ರೋಡ್ ಪೇ.”

“ರೋಡಿನ ಮೇಲಿದೆ ಅಂತ ನಾನು ವಾಶಿಗೆ ತಗೊಂಡು ಹೋಗಲಾ?”

ಕೌಶಲ್ ಕಿಟಕಿಯಿಂದ ಒಮ್ಮೆ ಇಣುಕಿ ನೋಡಿದ. ಆಮೇಲೆ ತನ್ನ ಪ್ರತಿಯ ಕೊನೆಯ ಪುಟಗಳನ್ನು ಪಿನ್ನಿನಿಂದ ಬಿಡಿಸತೊಡಗಿದ. ಗೈಡಿನ ಒಂದು ಪ್ರತಿ ಕೊಂಡು ಸಂಘದ ಕಪಾಟಿನಲ್ಲಿಡಿ, ಬೇಕಾದವರು ಅಲ್ಲೇ ಓದಿ ತಮ್ಮ ಟಿಪ್ಪಣಿ ತಾವು ಬರೆದುಕೊಳ್ಳಲಿ ಎಂದರು ಮಧ್ವರಾಜರು. ಕಪಾಟು ನನ್ನದಾದ್ದರಿಂದ ನಾನು ಒಪ್ಪಿದೆ.

“ಹಾಂಗಂದ್ರೂ ಹೆಸರ ಮುಚ್ಚಿ ಝೆರಾಕ್ಸ್ ಮಾಡಿದ್ದು ಸಂಘಕ್ಕ ಶೋಭಾ ತರೂದಲ್ಲ,” ಎಂದರು ಮಾಪಣ್ಣನವರು. ಕೀಲಿ ಕೈಗೆ ಬಂದು ಜಾರುತ್ತಿತ್ತು.

ಆಗ ಶ್ರೀಪ್ರಿಯಾ ಅವರ ಪಕ್ಕದ ಕಟ್ಟನ್ನು ನೋಡಿ, ನಿಜವಾದ ಕುತೂಹಲದಿಂದಲೇ ಕೇಳಿದಳು. “ಅಂಕಲ್, ಈ ನಾಟಕ ಯಾರು ಬರೆದದ್ದು? ಮೇಲೆ ‘ನಿರ್ದೇಶನ: ಮಾಪಣ್ಣ’ ಅಂತ ಮಾತ್ರ ಉಂಟಲ್ಲ?”

ಮಾಪಣ್ಣನವರು ಕಟ್ಟನ್ನು ನೋಡಿದರು, ಫ್ಯಾನು ನೋಡಿದರು. “ತಾಲೀಮು ಸಂಜಿಗೆ ಇಟ್ಕೊಂತೀವಿ,” ಎಂದರು. “ಮಧ್ಯಾಹ್ನ ಕ್ಲಾಸ್ ನಡೀಲಿ.” ಬ್ಯಾಗುಗಳು ತೊಡೆಯಿಂದ ಕೆಳಗಿಳಿದವು.

ಧರ್ಮಪಾಲರು ಮಾತ್ರ ಎದ್ದರು. “ಸಾರ್, ನಿಮ್ಮ ಪುಟದಲ್ಲಿ ಆ ಕಲ್ಯಾಣದ ಭಾವ ಸಹ ಬರ್ತಾನಾ?”

“ಬರಬೇಕು. ಅಬ್‌ನಾರ್ಮಲ್ ಲಾಸಿಗೆ ಅಷ್ಟು ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲೂ ಇಲ್ಲ.”

“ಹೆಸರು?”

“ಬೇಕಾದರೆ ಹಾಕುವ.”

“ಬೇಡ,” ಎಂದು ಧರ್ಮಪಾಲರು ಕೂತರು.

ಜಯಲತಕ್ಕ ಸಭೆಗೆಂದು ಬನ್ಸ್ ತಂದಿದ್ದರು. ಮಧ್ವರಾಜರು ಒಂದನ್ನು ಮುರಿದು ಬಾಯಿಗಿಟ್ಟು, “ಇದು ಯಾರದ್ದು?” ಎಂದರು.

“ನಮ್ಮ ಹೋಟೆಲಿನದ್ದು ಸರ್,” ಎಂದರು ಕಮಲಾಕ್ಷಣ್ಣ.

ಜಯಲತಕ್ಕ ಪಾತ್ರೆಯನ್ನು ಕೆಳಗಿಟ್ಟರು. “ಸರ್, ನಿಮ್ಮ ಆ ಕಾನೂನು ಬನ್ಸಿಗೂ ಉಂಟಾ?”

“ಇಲ್ಲಮ್ಮ. ಅಡುಗೆಯ ಕ್ರಮ ಯಾರು ಬೇಕಾದರೂ ಮಾಡಬಹುದು.”

“ನಾನು ಹೇಳಿದ್ದು ಅದೇ! ರುಚಿಗೆ ಕೇಸಿಲ್ಲ!” ಎಂದು ಕಮಲಾಕ್ಷಣ್ಣ ಅವತ್ತು ಮೊದಲ ಬಾರಿಗೆ ನಕ್ಕರು.

“ಕೇಸಿಲ್ಲ,” ಎಂದರು ಮಧ್ವರಾಜರು. “ಹೆಸರು ಹೇಳಬಾರದು ಅಂತಲೂ ಇಲ್ಲ.”

ಮರುದಿನ ಜಯಲತಕ್ಕ ಪೇಂಟರನ್ನು ಕರೆಸಿದರು. ಯಾರನ್ನೂ ಕೇಳಲಿಲ್ಲ. ಹೋಟೆಲಿನ ಒಳಗೋಡೆಯ ತಿಂಡಿಪಟ್ಟಿಯಲ್ಲಿ ಬನ್ಸ್ ಎಂದಿರುವ ಕಡೆ ಹೊಸ ಸಾಲುಗಳು ಬಂದವು. ಕನ್ನಡದಲ್ಲೂ ಮರಾಠಿಯಲ್ಲೂ, ಸಣ್ಣ ಅಕ್ಷರದಲ್ಲಲ್ಲ.

‘ಬನ್ಸ್. ಮೂಲ: ಪದ್ದಕ್ಕ, ಉದ್ಯಾವರ. ಬದಲಾವಣೆ: ಬಾಳೆಹಣ್ಣು ಕಡಿಮೆ ಮಾಡಿದವರು, ಕಮಲಾಕ್ಷ.’

“ಏನು ಬದಲಾಯಿಸಿದ್ದು ಅಂತ ತಿಳಿಸಬೇಕು ಅಂತ ಅವರೇ ಹೇಳಿದ್ದಲ್ವಾ?” ಎಂದರು ಜಯಲತಕ್ಕ.

ಬಾಳೆಹಣ್ಣಿನ ದರ ಏರಿದ ಯಾವುದೋ ವರ್ಷ ಕಮಲಾಕ್ಷಣ್ಣ ಮಾಡಿದ್ದ ತಿದ್ದುಪಡಿ ಅದು. ಅಷ್ಟು ವರ್ಷ ಯಾರ ನಾಲಿಗೆಗೂ ಗೊತ್ತಾಗದ್ದು ಈಗ ಎಲ್ಲರ ಕಣ್ಣಿಗೆ ಗೊತ್ತಾಯಿತು. ಲೋಕಲ್ ರೈಲು ಹಿಡಿಯುವ ಅವಸರದಲ್ಲಿದ್ದವರೂ ನಿಂತು ಓದಿದರು. “ಶೇಟ್, ಕೇಳಂ ಕಮೀ ಕಾ?” ಎಂದು, ಬಾಳೆಹಣ್ಣು ಯಾಕೆ ಕಡಿಮೆ ಎಂದು, ಗಲ್ಲಾದಲ್ಲಿ ವಿಚಾರಿಸಿದರು. ಸೊಸೈಟಿಯವರು ವಿಚಾರಿಸಿದರು. ಠಾಣೆಯ ಹೋಟೆಲಿಗರು ಫೋನು ಮಾಡಿ ವಿಚಾರಿಸಿದರು. ಕಲ್ಯಾಣದ ಭಾವ ಖುದ್ದಾಗಿ ಬಂದು, ಗೋಡೆಯ ಎದುರು ನಿಂತು, ಜೋರಾಗಿ ಎರಡು ಸಲ ಓದಿ, ಹನ್ನೆರಡು ಇಡ್ಲಿ ತಿಂದು ಹೋದರು.

ವಾಶಿಯ ಮಾರುಕಟ್ಟೆಯಿಂದ ಬಾಳೆಹಣ್ಣಿನ ಗೊನೆಗಳು ಬಂದಿಳಿದದ್ದು ಆ ವಾರವೇ. ಪದ್ದಕ್ಕನ ಲೆಕ್ಕಕ್ಕೆ ಒಂದು ಹಣ್ಣೂ ಕಡಿಮೆಯಾಗದ ಹಾಗೆ ಹಿಟ್ಟು ಕಲಸಲಾಯಿತು. ಬದಲಾವಣೆಯೇ ಇಲ್ಲದ ಮೇಲೆ ಬದಲಾಯಿಸಿದವನ ಹೆಸರು ಏಕೆ ಎಂದು ಕಮಲಾಕ್ಷಣ್ಣ ಕೇಳಿದರು. ನ್ಯಾಯವಾದ ಪ್ರಶ್ನೆ ಎಂದು ಜಯಲತಕ್ಕ ಒಪ್ಪಿದರು. ಪೇಂಟರ್ ಮತ್ತೆ ಬಂದು ಕೊನೆಯ ಸಾಲಿನ ಮೇಲೆ ಬಿಳಿ ಬಣ್ಣ ಬಳಿದ. ಏಣಿ ಹಿಡಿದು ನಿಂತಿದ್ದವರು ಕಮಲಾಕ್ಷಣ್ಣ. ತನ್ನ ಹೆಸರು ಅಳಿಸುವುದನ್ನು ಅಷ್ಟು ಸಂತೋಷದಿಂದ ನೋಡಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಮೂಲ: ಪದ್ದಕ್ಕ, ಉದ್ಯಾವರ, ಎಂಬುದು ಹಾಗೆಯೇ ಇದೆ.

ಎಣ್ಣೆಯಿಂದ ಮೊದಲು ತೆಗೆದ ಬನ್ಸಿನಲ್ಲಿ ನನಗೂ ಎರಡು ಕಳಿಸಿದರು. “ವಾಪಸ್ ಬಂದರೆ ಗೋಡೆಯ ಮೇಲೆ ನಿನ್ನ ಹೆಸರೂ ಬರೆಸ್ತೇನೆ!” ಎಂದು ಕೆಳಗಿನಿಂದ ದನಿ ಬಂತು.

ಎರಡನ್ನೂ ತಿಂದೆ. ಬಾಳೆಹಣ್ಣು ಇತ್ತು.